ಹೊಗೆಸೊಪ್ಪಿನ ದುಡ್ಡಿನ ಸ್ಪೀಕರು

ಹೋದ ಯುಗಾದಿಗೆ ಪಿರಿಯಾಪಟ್ಟಣದ ಪಕ್ಕದ ನಮ್ಮೂರಿಗೆ ಹೋದಾಗ, ಅಪ್ಪ ಹೋಮ್ ಥಿಯೇಟರನ್ನ ಬಿಚ್ಚಿ ಜಗಲಿ ಮೇಲೆ ಸಾಲಾಗಿ ಜೋಡಿಸಿದ್ರು. ಐದು ಪುಟ್ಟ ಸ್ಪೀಕರು, ಒಂದು ವೂಫರ್ರು, ಒಂದು ಡಿವಿಡಿ ಡಬ್ಬ. "ಗುಜರಿಯವ್ನು ಬರ್ತಾನೆ, ತೂಕಕ್ಕೆ ಹಾಕ್ಬುಡ್ತೀನಿ" ಅಂದ್ರು. ಮಾತಿನಲ್ಲಿ ಸಿಟ್ಟಿರಲಿಲ್ಲ, ಬೇಜಾರಿತ್ತು. 2008ರಲ್ಲಿ ಹೊಗೆಸೊಪ್ಪು ಮಾರಿದ ದುಡ್ಡಲ್ಲಿ ಮೈಸೂರಿಂದ ತಂದ ಸೆಟ್ಟು ಅದು.

ನಮ್ಮ ಕಡೆ ಹೊಗೆಸೊಪ್ಪಿನ ದುಡ್ಡು ಅಂದ್ರೆ ಏನು ಅಂತ ಬೆಂಗಳೂರಿನವರಿಗೆ ಹೇಳಬೇಕು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆಯಲ್ಲಿ ವರ್ಜೀನಿಯಾ ತಂಬಾಕು ಬೆಳೀತಾರೆ. ತಂಬಾಕು ಮಂಡಳಿ 1984ರಲ್ಲಿ ಕರ್ನಾಟಕದಲ್ಲಿ ಹರಾಜು ಶುರುಮಾಡಿತು. ಬ್ಯಾರನ್ನಲ್ಲಿ ರಾತ್ರಿಯೆಲ್ಲ ಬೆಂಕಿ ಕಾಯ್ದು ಹದ ಮಾಡಿದ ಸೊಪ್ಪು ಬೇಲ್ ಆಗಿ ಹರಾಜುಕಟ್ಟೆಗೆ ಹೋದಮೇಲೆ, ವರ್ಷಕ್ಕೊಂದು ಸಲ ಕೈಯಲ್ಲಿ ದುಡ್ಡು ಆಡುತ್ತೆ. ಮದುವೆ, ಸಾಲ, ಬೋರ್‌ವೆಲ್ಲು ಎಲ್ಲ ಆ ಮೂರು ತಿಂಗಳಲ್ಲೇ. ಅಂಥ ದುಡ್ಡಲ್ಲಿ ಅಪ್ಪ ತನಗೋಸ್ಕರ ಅಂತ ತಗೊಂಡಿದ್ದು ಇದೊಂದೇ.

ಮೊದಲು ಡಿವಿಡಿ ಟ್ರೇ ಕಚ್ಚಿಕೊಂಡಿತು. ಆಮೇಲೆ ಆನ್ ಮಾಡಿದ ತಕ್ಷಣ 'ಪ್ರೊಟೆಕ್ಟ್' ಅಂತ ತೋರಿಸಿ ಆಫ್ ಆಗೋಕೆ ಶುರುವಾಯ್ತು. ಸರ್ವಿಸ್‌ನವರು "ಈ ಮಾಡೆಲ್ಲಿಗೆ ಪಾರ್ಟು ಬರಲ್ಲ ಸಾರ್" ಅಂದ್ರು. ಸತ್ತಿದ್ದು ಆಂಪ್ಲಿಫಯರ್ ಇದ್ದ ಡಬ್ಬ ಮಾತ್ರ. ಆರು ಸ್ಪೀಕರಿಗೆ ಏನೂ ಆಗಿರಲಿಲ್ಲ. ಆದ್ರೂ ಒಂದರ ಜೊತೆ ಎಲ್ಲವೂ ಗುಜರಿಗೆ. ಈ ಸಹಗಮನ ಪದ್ಧತಿ ಎಲ್ಲಿಂದ ಬಂತು ಅಂತ ಯೋಚಿಸ್ತಾ ಕೂತೆ.

ಈಗಿನ ಮಾದರಿಯ ಕಾಗದದ ಕೋನಿನ ಸ್ಪೀಕರನ್ನ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲ್ಲಾಗ್ 1925ರಲ್ಲಿ ಪ್ರಪಂಚಕ್ಕೆ ತೋರಿಸಿದರು. ತಾಮ್ರದ ಸುರುಳಿ, ಸುತ್ತ ಅಯಸ್ಕಾಂತ, ಸುರುಳಿಗೆ ಅಂಟಿದ ಕೋನು. ನೂರು ವರ್ಷ ಆಯ್ತು, ಮೂಲ ರಚನೆ ಬದಲಾಗಿಲ್ಲ. ತಮಾಷೆ ಅಂದ್ರೆ, ಅವರ ಸ್ಪೀಕರು ಅಂಗಡಿಗೆ ಬಂದಿದ್ದೇ ಆಂಪ್ಲಿಫಯರನ್ನ ಹೊಟ್ಟೆಯೊಳಗೆ ಇಟ್ಟುಕೊಂಡು.

ಆ ಕಾಲದ ವಾಲ್ವ್ ರೇಡಿಯೋಗಳಲ್ಲಿ ಈ ಗಂಟು ಇನ್ನೂ ಬಿಗಿ. ಆಗ ಒಳ್ಳೆ ಶಾಶ್ವತ ಅಯಸ್ಕಾಂತ ಅಗ್ಗಕ್ಕೆ ಸಿಗ್ತಿರಲಿಲ್ಲ. ಹಾಗಾಗಿ ಸ್ಪೀಕರಿನ ಹಿಂದೆ ಇನ್ನೊಂದು ದೊಡ್ಡ ಸುರುಳಿ ಇಟ್ಟು, ರೇಡಿಯೋದ ಕರೆಂಟನ್ನೇ ಅದರಲ್ಲಿ ಹರಿಸಿ ಅಯಸ್ಕಾಂತ ಮಾಡ್ತಿದ್ದರು. ಅದೇ ಸುರುಳಿ ಕರೆಂಟಿನ ಗುಂಯ್ ಸದ್ದನ್ನ ಸೋಸುವ ಕೆಲಸವನ್ನೂ ಮಾಡ್ತಿತ್ತು. ಸ್ಪೀಕರು ಕಿತ್ತರೆ ರೇಡಿಯೋ ನಡೆಯಲ್ಲ, ರೇಡಿಯೋ ಇಲ್ಲದೆ ಸ್ಪೀಕರಿಗೆ ಜೀವ ಇಲ್ಲ. 1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆ ವಿಠ್ಠಲ ವಿಹಾರದಿಂದ ಬರೀ 30 ವಾಟಿನ ಟ್ರಾನ್ಸ್‌ಮಿಟರಲ್ಲಿ ಪ್ರಸಾರ ಶುರುಮಾಡಿದ್ದು ಇಂಥ ವಾಲ್ವ್ ಸೆಟ್ಟುಗಳ ಕಾಲದಲ್ಲಿ. (30 ವಾಟು! ನಮ್ಮ ಸೆಟ್ಟಿನ ಮುಂದೆ 1000 ವಾಟ್ ಅಂತ ಬಂಗಾರದ ಅಕ್ಷರದಲ್ಲಿ ಬರೆದಿತ್ತು. ತಿರುಗಿಸಿ ನೋಡಿದರೆ, ಗೋಡೆಯಿಂದ ಅದು ಎಳೆಯೋದು 135 ವಾಟು ಅಂತ ಹಿಂದಿನ ಚೀಟಿ.) ಆ ಪ್ರಸಾರಕ್ಕಿಟ್ಟ 'ಆಕಾಶವಾಣಿ' ಅನ್ನೋ ಹೆಸರು ಆಮೇಲೆ ಇಡೀ ದೇಶದ್ದಾಯ್ತು.

ಶಾಶ್ವತ ಅಯಸ್ಕಾಂತ ಬಂದಮೇಲೆ ಗಂಟು ಬಿಚ್ಚಿತು. ಅದರ ಲಾಭ ನಮ್ಮ ಸೀಮೆಗೆ ಕಂಡಿದ್ದು ಮನೆಯಲ್ಲಲ್ಲ, ಜಾತ್ರೆಯಲ್ಲಿ.

ಕೆ.ಆರ್.ನಗರದ ಚುಂಚನಕಟ್ಟೆ ಜಾತ್ರೆಗೆ ಸಂಕ್ರಾಂತಿ ಹೊತ್ತಲ್ಲಿ ಹೋದವರಿಗೆ ದನಗಳು ಕಾಣೋ ಮೊದಲೇ ಮೈಕ್‌ಸೆಟ್ಟು ಕೇಳುತ್ತೆ. ಮೈಕ್‌ಸೆಟ್ ಅಂದ್ರೆ ನಮ್ಮಲ್ಲಿ ಅಹುಜಾ. 1940ರಲ್ಲಿ ಶುರುವಾದ ದೆಹಲಿ ಕಂಪನಿಯ ಹೆಸರೇ ಸಾಮಾನಿನ ಹೆಸರಾಗಿಬಿಟ್ಟಿದೆ. ಆ ಆಂಪ್ಲಿಫಯರಿನ ಬೆನ್ನಲ್ಲಿ 4, 8, 16 ಓಮ್, ಜೊತೆಗೆ 100 ವೋಲ್ಟ್ ಅಂತ ಬೇರೆಬೇರೆ ತೂತು ಇರ್ತವೆ. ಹತ್ತಿರದ ಒಂದು ಹಾರ್ನಿಗೆ 16 ಓಮ್. ತೇರಿನ ಬೀದಿ ಉದ್ದಕ್ಕೂ ಎಂಟು ಹಾರ್ನು ಕಟ್ಟಬೇಕಾದರೆ 100 ವೋಲ್ಟಿನ ಲೈನು, ಪ್ರತಿ ಹಾರ್ನಿಗೊಂದು ಪುಟ್ಟ ಟ್ರಾನ್ಸ್‌ಫಾರ್ಮರು. ವೋಲ್ಟು ಜಾಸ್ತಿ ಮಾಡಿದರೆ ಸಣ್ಣ ತಂತಿಯಲ್ಲೂ ದೂರಕ್ಕೆ ಸದ್ದು ಹೋಗುತ್ತೆ. ಶಿವನಸಮುದ್ರದ ಕರೆಂಟನ್ನ ಕೋಲಾರದ ಚಿನ್ನದ ಗಣಿಗೆ ಸಾಗಿಸಿದ್ದೂ ಇದೇ ಉಪಾಯದಿಂದ. ಸ್ಕೂಲು ಬಿಟ್ಟು ಮೈಕ್‌ಸೆಟ್ ಹಿಂದೆ ಹೋದ ಹುಡುಗರು ಇದನ್ನೆಲ್ಲ ಓಮ್ಸ್ ನಿಯಮ ಓದದೆ ಮಾಡ್ತಿದ್ದರು. ಯಾವ ಕಂಪನಿಯ ಹಾರ್ನಾದರೂ ಸರಿ, ಯಾವ ಆಂಪ್ಲಿಫಯರಾದರೂ ಸರಿ, ತೂತು ಸರಿ ಇದ್ದರೆ ಆಯ್ತು.

ಆ ಹುಡುಗರೇ ಮುಂದೆ ಹುಣಸೂರು, ಕೋಟೆಯಂಥ ಊರುಗಳಲ್ಲಿ ರೇಡಿಯೋ ಅಂಗಡಿ ಇಟ್ಟರು. ಕ್ಯಾಸೆಟ್ ಬಂತು, 1978ರಲ್ಲಿ 'ನಿತ್ಯೋತ್ಸವ' ಭಾವಗೀತೆಯನ್ನ ಮನೆಮನೆಗೆ ತಂತು, ಮನೆಗೊಂದು ಡೆಕ್ ಬೇಕು ಅಂತಾಯ್ತು. ಕಂಪನಿ ಮಾಲಿಗೆ ದುಡ್ಡಿಲ್ಲದವರು ಅಸೆಂಬಲ್ ಮಾಡಿಸೋರು. 2ಎನ್3055 ಟ್ರಾನ್ಸಿಸ್ಟರು, ಆಮೇಲೆ ಎಲ್‌ಎ4440 ಐಸಿ, ಬೆಂಗಳೂರಿನ ಎಸ್.ಪಿ. ರೋಡಿಂದ ತಂದ ಸ್ಪೀಕರು. ಹುಣಸೂರು ಮರದ ಊರು, ಪೆಟ್ಟಿಗೆ ಮಾಡೋ ಆಚಾರಿಗೆ ಬರವಿಲ್ಲ. ಆಂಪ್ಲಿಫಯರ್ ಸುಟ್ಟರೆ ಬೋರ್ಡು ಬದಲಾಗೋದು, ಪೆಟ್ಟಿಗೆ ಮಗನ ಕಾಲಕ್ಕೂ ಇರೋದು.

ಹೋಮ್ ಥಿಯೇಟರ್ ಬಂದು ಮತ್ತೆ ಗಂಟು ಹಾಕಿತು. ಈ ಸಲ ತಾಂತ್ರಿಕ ಅನಿವಾರ್ಯವೇನೂ ಇರಲಿಲ್ಲ. ಎಲ್ಲ ಒಂದೇ ಪೆಟ್ಟಿಗೆಯಲ್ಲಿ, ಬಣ್ಣಬಣ್ಣದ ಕಂಪನಿ ಪ್ಲಗ್ಗು, 8 ಓಮ್ ಬದಲು 3 ಓಮ್ ಸ್ಪೀಕರು. ಓಮ್ ಕಮ್ಮಿ ಇದ್ದರೆ ಕಮ್ಮಿ ವೋಲ್ಟಲ್ಲೇ ಜಾಸ್ತಿ ವಾಟು ಬರುತ್ತೆ, ಡಬ್ಬದ ಮೇಲೆ ದೊಡ್ಡ ಸಂಖ್ಯೆ ಹಾಕಬಹುದು. ಬೇರೆ ಆಂಪ್ಲಿಫಯರಿಗೆ ಸುಮ್ಮನೆ ಸಿಕ್ಕಿಸಿದರೆ ಅದು ಬಿಸಿಯಾಗಿ ಸುಟ್ಟೀತು. ನಾವೂ ಕಾರಣ. ಒಂದೇ ರಿಮೋಟಲ್ಲಿ ಎಲ್ಲ ಆಗ್ಲಿ ಅಂತ ಕೇಳಿದ್ದು ನಾವೇ. ಹೋದದ್ದು ಸ್ಪೀಕರಿಗಿಂತ ಹೆಚ್ಚಾಗಿ, ಅದನ್ನ ಬಿಚ್ಚಿ ಕೂಡಿಸೋ ಕಸುಬು.

ಗುಜರಿಯವನು ಬರೋ ಮೊದಲು ಎಲ್ಲವನ್ನೂ ಕಾರಿಗೆ ಹಾಕಿಕೊಂಡು ಹುಣಸೂರಿನ ಒಂದು ಹಳೇ ಅಂಗಡಿಗೆ ಹೋದೆ. ಅಂಗಡಿಯ ಮಾವ ಎಪ್ಪತ್ತು ದಾಟಿದವರು, ಹುಡುಗನಾಗಿದ್ದಾಗ ಚುಂಚನಕಟ್ಟೆಯಲ್ಲಿ ಹಾರ್ನು ಕಟ್ಟಿದವರು. ಅರ್ಧ ಅಂಗಡಿ ಈಗ ಮೊಬೈಲ್ ಕವರು, ಅದು ಮಗನದ್ದು. ಅವರು ಮೀಟರನ್ನೂ ಮುಟ್ಟಲಿಲ್ಲ. ಪೆನ್ ಸೆಲ್ಲಿಗೆ ಎರಡು ತಂತಿ ಹಿಡಿದು ಒಂದೊಂದೇ ಸ್ಪೀಕರಿಗೆ ತಾಗಿಸಿದರು. ಟಕ್. ಟಕ್. ಕೋನು ಮುಂದಕ್ಕೆ ಬಂದರೆ ಸೆಲ್ಲಿನ ಪ್ಲಸ್ ಹಿಡಿದ ತಂತಿಗೆ ಕೆಂಪು ಟೇಪು. "ಕಾಯಿಲ್ ಎಲ್ಲ ಜೀವಂತ ಅವೆ ಕಣ್ ಮಗ. ಇದ್ಯಾಕ್ ಗುಜರಿಗೆ?" ಅಂದ್ರು.

ಉಳಿದಿದ್ದು ಲೆಕ್ಕ. ನಾಲ್ಕು ಪುಟ್ಟ ಸ್ಪೀಕರನ್ನ ಎರಡೆರಡಾಗಿ ಸೀರೀಸ್ ಮಾಡಿದ್ವಿ, ಮೂರು ಮೂರು ಆರು ಓಮ್. ಒಂದೊಂದು ಜೋಡಿ ಒಂದೊಂದು ಕಡೆಗೆ. ವೂಫರನ್ನ ನೇರ ಕೊಟ್ಟರೆ ಗಡಿಗೆಯೊಳಗೆ ಬಾಯಿಟ್ಟು ಮಾತಾಡಿದ ಹಾಗಿರುತ್ತೆ, ಯಾಕಂದ್ರೆ ಗಡಸು ದನಿಯನ್ನ ಬೇರೆ ಮಾಡ್ತಿದ್ದ ಸರ್ಕ್ಯೂಟು ಸತ್ತ ಡಬ್ಬದಲ್ಲೇ ಇತ್ತು. ಅದಕ್ಕೆ 2.1 ಬೋರ್ಡೇ ಬೇಕು. ಟಿಪಿಎ3116 ಅನ್ನೋ ಚಿಪ್ಪಿನ ಅಂಗೈಯಗಲದ ಬೋರ್ಡು ತಂದೆ. ನನ್ನ ಹಳೇ ಲ್ಯಾಪ್‌ಟಾಪಿನ 19 ವೋಲ್ಟ್ ಚಾರ್ಜರೇ ಅದಕ್ಕೆ ಸಾಕು. ಪುಟ್ಟ ಸ್ಪೀಕರುಗಳು ತಗ್ಗಿನ ಸದ್ದಿಗೆ ಒದರಬಾರದು ಅಂತ ಜೋಡಿಗೊಂದು ನಾನ್-ಪೋಲಾರ್ ಕೆಪಾಸಿಟರು. ಮಾವ ಡ್ರಾಯರಿಂದ ಆರಿಸಿಕೊಟ್ಟರು. ಕಂಪನಿ ಪ್ಲಗ್ಗನ್ನ ಕತ್ತರಿಸುವಾಗ ಮಾತ್ರ ಅಪ್ಪನ ಮುಖ ನೆನಪಾಗಿ ಕೈ ಒಂದು ನಿಮಿಷ ನಿಂತಿತು.

ಟಿವಿಯ ಹೆಡ್‌ಫೋನ್ ತೂತಿಂದ ವೈರ್ ಎಳೆದಿದ್ದೀನಿ. ವಾಟು ಎಷ್ಟು ಅಂತ ಅಪ್ಪ ಕೇಳಿದ್ರು. ಕಮ್ಮಿ ಅಂದೆ. "ಮೊದ್ಲಿಗಿಂತ ಮಾತು ಚೆನ್ನಾಗ್ ಕೇಳ್ತದಲ್ಲಪ್ಪ" ಅಂತ ಸೌಂಡು ಇನ್ನೊಂಚೂರು ಜಾಸ್ತಿ ಮಾಡಿದ್ರು. ಅಮ್ಮ ಅಡುಗೆಮನೆಯಿಂದ ಬೈದಳು.

ಐದನೇ ಸ್ಪೀಕರು ಉಳಿಯಿತು. ಅದನ್ನ ಎಚ್.ಡಿ.ಕೋಟೆಯ ಭಾವ ತಗೊಂಡು ಹೋದರು. ಅವರ ಜೋಳದ ಹೊಲ ಕಾಡಂಚಲ್ಲಿದೆ, ರಾತ್ರಿ ಅಟ್ಟಣೆ ಮೇಲೆ ಕಾವಲು. ಹಳೇ ಬೈಕ್ ಬ್ಯಾಟರಿ, 12 ವೋಲ್ಟಿನ ಒಂದು ಪೆನ್‌ಡ್ರೈವ್ ಬೋರ್ಡು, ಅದರಲ್ಲಿ ನಾಯಿ ಬೊಗಳೋ ಸದ್ದು, ಜನ ಕೂಗೋ ಸದ್ದು. ಹಂದಿಗೆ ಕೆಲಸ ಮಾಡುತ್ತಂತೆ, ಸದ್ದು ಆಗಾಗ ಬದಲಾಯಿಸ್ತಿರಬೇಕು, ಇಲ್ಲದಿದ್ದರೆ ಅವಕ್ಕೂ ಗೊತ್ತಾಗಿಬಿಡುತ್ತೆ. ಆನೆಗೆ ಲೆಕ್ಕಕ್ಕೇ ಇಲ್ಲ. ಈಗ ಅಪ್ಪ ವಾರಕ್ಕೊಂದು ಸಲ ಭಾವನಿಗೆ ಫೋನ್ ಮಾಡ್ತಾರೆ, ಮೊದಲು ಕೇಳೋದು ಮಗಳು ಮೊಮ್ಮಕ್ಕಳನ್ನಲ್ಲ, "ನಮ್ ಸ್ಪೀಕರು ಓಡ್ತಾ ಐತಾ?"