ಮಿನಿಟ್‌ಮೆನ್: ಖರ್ಚಿನ ಲೆಕ್ಕದಲ್ಲೂ ರಾಜಕೀಯ ಇದ್ದ ಪಂಕ್ ಬ್ಯಾಂಡ್

ಪಂಕ್ ಅಂದ ತಕ್ಷಣ ನಮಗೆ ನೆನಪಾಗೋದು ಲಂಡನ್, ಮುಳ್ಳಿನಂಥ ಕೂದಲು, ಬಟ್ಟೆಗೆ ಚುಚ್ಚಿದ ಸೇಫ್ಟಿ ಪಿನ್. ನಾನೂ ಅಷ್ಟೇ ಅಂದುಕೊಂಡಿದ್ದೆ. ಆಮೇಲೆ ಒಂದು ಹಳೇ ವಿಡಿಯೋ ನೋಡಿದೆ. ದಪ್ಪಗಿರುವ, ಸಾದಾ ಅಂಗಿ ತೊಟ್ಟ ಒಬ್ಬ ಗಿಟಾರ್ ಹಿಡಿದು ವೇದಿಕೆ ಮೇಲೆ ಎಗರಾಡ್ತಿದ್ದ. ಪಂಕ್‌ಗೆ ವೇಷ ಬೇಕಿಲ್ಲ ಅಂತ ನನಗೆ ಗೊತ್ತಾಗಿದ್ದೇ ಆಗ. ಅವನ ಹೆಸರು ಡಿ. ಬೂನ್. ಬ್ಯಾಂಡ್‌ನ ಹೆಸರು ಮಿನಿಟ್‌ಮೆನ್.

ಊರು ಸ್ಯಾನ್ ಪೆಡ್ರೊ, ಲಾಸ್ ಏಂಜಲೀಸ್‌ನ ಬಂದರು ಪ್ರದೇಶ, ದುಡಿಯೋ ಜನರ ಜಾಗ. ಬೂನ್ ಮತ್ತು ಮೈಕ್ ವಾಟ್ 13ರ ವಯಸ್ಸಿನ ಗೆಳೆಯರು. ಯಾರೋ ಪರಿಚಯದವನು ಅಂದುಕೊಂಡು ಬೂನ್ ಮರದಿಂದ ವಾಟ್ ಮುಂದೆ ಧುಮುಕಿದ್ದೇ ಸ್ನೇಹದ ಶುರು. ಇಬ್ಬರೂ ವಾದ್ಯ ಕಲೀಲಿ ಅಂತ ಬೆನ್ನುಹತ್ತಿದ್ದು ಬೂನ್‌ನ ತಾಯಿ. ವಾಟ್‌ಗೆ ಬಾಸ್ ಅಂದರೇನು ಅಂತಲೂ ಗೊತ್ತಿರಲಿಲ್ಲ. ನಾಲ್ಕೇ ತಂತಿಯ ಗಿಟಾರ್ ಅಂದುಕೊಂಡಿದ್ದನಂತೆ! ಮೊದಲು ರಿಯಾಕ್ಷನರೀಸ್ ಅನ್ನೋ ಬ್ಯಾಂಡ್, 1980ರಲ್ಲಿ ಮಿನಿಟ್‌ಮೆನ್. ಡ್ರಮ್ಸ್‌ಗೆ ಜಾರ್ಜ್ ಹರ್ಲಿ ಸೇರಿಕೊಂಡ. ಹೆಸರು ಬಂದಿದ್ದು ಹಾಡುಗಳು ಒಂದೊಂದೇ ನಿಮಿಷದವು ಅನ್ನೋ ಕಾರಣಕ್ಕೆ ಅಂತ ಬಹಳ ಜನ ನಂಬಿದ್ದಾರೆ. ಅದು ಸುಳ್ಳು. 1960ರ ದಶಕದಲ್ಲಿ ಆ ಹೆಸರಿನ ಒಂದು ಬಲಪಂಥೀಯ ಗುಂಪಿತ್ತು, ಅದನ್ನು ಅಣಕಿಸೋ ಉದ್ದೇಶವೂ ಇದರಲ್ಲಿತ್ತು. ಆದರೂ ಹಾಡುಗಳು ಚಿಕ್ಕವೇ: 1981ರ 'ದಿ ಪಂಚ್ ಲೈನ್'ನಲ್ಲಿ ಸುಮಾರು 15 ನಿಮಿಷಕ್ಕೆ 18 ಹಾಡು.

ರೆಕಾರ್ಡ್‌ಗಳನ್ನು ತಂದಿದ್ದು ಬ್ಲ್ಯಾಕ್ ಫ್ಲ್ಯಾಗ್‌ನ ಗ್ರೆಗ್ ಗಿನ್ ನಡೆಸ್ತಿದ್ದ ಎಸ್‌ಎಸ್‌ಟಿ. (ಸ್ವತಂತ್ರ ಕಂಪನಿ ಅಂದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ. ಇದೇ ಎಸ್‌ಎಸ್‌ಟಿ ಜೊತೆ ಮುಂದೆ ಹಲವು ಬ್ಯಾಂಡ್‌ಗಳು ರಾಯಲ್ಟಿಗಾಗಿ ಜಗಳವಾಡಿದವು.) ಇವರೇ ನ್ಯೂ ಅಲಯನ್ಸ್ ಅಂತ ಪುಟ್ಟ ಕಂಪನಿಯನ್ನೂ ಮಾಡಿಕೊಂಡು, ಹಸ್ಕರ್ ಡೂ ಬ್ಯಾಂಡ್‌ನ ಮೊದಲ ಆಲ್ಬಂ ಹೊರತಂದರು.

ನನ್ನನ್ನು ಹಿಡಿದಿಟ್ಟಿದ್ದು ಇವರ ದುಡ್ಡಿನ ಶಿಸ್ತು. ಅದಕ್ಕೆ ಇವರದೇ ಪದ ಇತ್ತು, 'ಇಕಾನೋ'. ಸ್ಟುಡಿಯೋ ಬಾಡಿಗೆ ಕಡಿಮೆ ಇರೋ ಅಪರಾತ್ರಿಯಲ್ಲಿ ರೆಕಾರ್ಡಿಂಗ್, ಅದೂ ಬಳಸಿದ ಟೇಪ್ ಮೇಲೆ. ಆಮೇಲೆ ಜೋಡಿಸೋ ಖರ್ಚು ಬೇಡ ಅಂತ ಆಲ್ಬಂನ ಕ್ರಮದಲ್ಲೇ ಹಾಡುಗಳನ್ನು ನುಡಿಸಿ ಮುಗಿಸೋರು. ವ್ಯಾನ್ ಓಡಿಸೋದು, ಸಾಮಾನು ಹೊರೋದು ತಾವೇ. ಮಲಗೋಕೆ ಯಾರದೋ ಮನೆಯ ನೆಲ. ಸ್ಯಾನ್ ಪೆಡ್ರೊದಲ್ಲಿ ಬೂನ್ ತಾನೇ ಕಾರ್ಯಕ್ರಮ ಏರ್ಪಡಿಸಿದಾಗ ಬೇಗ ಶುರು ಮಾಡ್ತಿದ್ದ, ಬೆಳಿಗ್ಗೆ ಕೆಲಸಕ್ಕೆ ಹೋಗೋರು ಹೊತ್ತಿಗೆ ಸರಿಯಾಗಿ ಮನೆ ಸೇರಲಿ ಅಂತ. ಕ್ರಾಂತಿ ಬಗ್ಗೆ ಹಾಡಿ, ಕೇಳೋಕೆ ಬಂದವರ ನಿದ್ದೆ ಕೆಡಿಸೋ ಬ್ಯಾಂಡ್‌ಗಳು ಬೇಕಾದಷ್ಟಿವೆ ಬಿಡಿ.

ಹಾಡುಗಳಲ್ಲೂ ರಾಜಕೀಯ ಇತ್ತು: ರೇಗನ್ ಕಾಲದ ಅಮೆರಿಕ, ಅಣುಯುದ್ಧದ ಭಯ, ಮಧ್ಯ ಅಮೆರಿಕದಲ್ಲಿ ವಾಷಿಂಗ್ಟನ್‌ನ ಕೈವಾಡ. ಎಲ್ ಸಾಲ್ವಡಾರ್ ಜನರ ಪರವಾದ ಸಂಘಟನೆಯಲ್ಲಿ ಬೂನ್ ಇದ್ದ. ಆದರೆ ನನ್ನ ಪ್ರಕಾರ ಇವರ ದೊಡ್ಡ ರಾಜಕೀಯ ಇರೋದು ಸದ್ದಿನಲ್ಲಿ. ರಾಕ್‌ನಲ್ಲಿ ಗಿಟಾರ್ ಜಮೀನ್ದಾರನ ಥರ, ಜಾಗ ಎಲ್ಲ ತನ್ನದೇ. ಬೂನ್ ತನ್ನ ಗಿಟಾರ್‌ನ ದಪ್ಪ ಸ್ವರ ಕಡಿಮೆ ಮಾಡಿ, ಕೀರಲು ಸದ್ದನ್ನಷ್ಟೇ ಇಟ್ಟುಕೊಂಡ. ಬಿಟ್ಟ ಜಾಗಕ್ಕೆ ಬಾಸ್ ಬಂತು, ಡ್ರಮ್ಸ್ ಬಂತು. ಮೂವರದೂ ಸಮಪಾಲು. ಇದು ನಾನು ಎಳೆದು ತಂದ ಅರ್ಥ ಅಲ್ಲ, ಅವರು ಬೇಕಂತಲೇ ಮಾಡಿದ್ದು.

1984ರ 'ಡಬಲ್ ನಿಕಲ್ಸ್ ಆನ್ ದಿ ಡೈಮ್' ಇವರ ಶಿಖರ. ಹಸ್ಕರ್ ಡೂ ಜೋಡಿ ಆಲ್ಬಂ ಮಾಡ್ತಿದ್ದಾರೆ ಅಂತ ಕೇಳಿ, ಹುರುಪಿನಲ್ಲಿ ಇವರೂ ಒಂದು ಮಾಡಿದರು. 40ಕ್ಕೂ ಹೆಚ್ಚು ಹಾಡು: ಪಂಕ್, ಫಂಕ್, ಜಾಝ್, ಜಾನಪದ ಎಲ್ಲ. ಖರ್ಚು ಸುಮಾರು 1,100 ಡಾಲರ್. ಅದರಲ್ಲಿನ 'ಕರೋನಾ' ಹಾಡಿನ ಗಿಟಾರ್ ತುಣುಕು ನೀವು ಕೇಳಿರ್ತೀರಿ, 'ಜ್ಯಾಕ್‌ಆ್ಯಸ್' ಶೋನ ಶೀರ್ಷಿಕೆ ಸಂಗೀತ ಅದೇ. ಮೆಕ್ಸಿಕೋದ ಬಡತನ ಕಂಡು ಬರೆದ ಹಾಡು ಕೊನೆಗೆ ಎಲ್ಲಿಗೆ ಹೋಗಿ ಸೇರಿತು ನೋಡಿ.

1985ರ ಕೊನೆಯಲ್ಲಿ ಆರ್.ಇ.ಎಂ. ಜೊತೆ ಪ್ರವಾಸ ಹೋಗಿ ಬಂದರು. ಡಿಸೆಂಬರ್ 22ರಂದು ಅರಿಜೋನಾದಲ್ಲಿ ವ್ಯಾನ್ ಅಪಘಾತವಾಗಿ ಬೂನ್ ತೀರಿಕೊಂಡ. ಜ್ವರ ಇತ್ತು, ಹಿಂದೆ ಮಲಗಿದ್ದ. ವಯಸ್ಸು 27. ಬ್ಯಾಂಡ್ ಅಲ್ಲಿಗೇ ನಿಂತಿತು.

ಆಗಷ್ಟೇ ಬಂದಿದ್ದ ಕೊನೆಯ ಆಲ್ಬಂ ಜೊತೆ ಅವರು ಒಂದು ಮತಪತ್ರ ಇಟ್ಟಿದ್ದರು: ಮುಂದಿನ ಲೈವ್ ಆಲ್ಬಂನಲ್ಲಿ ಯಾವ ಹಾಡು ಬೇಕು, ಕೇಳುಗರೇ ಹೇಳಲಿ ಅಂತ. ಆ ಫಲಿತಾಂಶ 1987ರಲ್ಲಿ 'ಬ್ಯಾಲಟ್ ರಿಸಲ್ಟ್' ಆಗಿ ಬಂತು. ಸಂಗೀತವನ್ನೇ ಬಿಡೋಕೆ ಹೊರಟಿದ್ದ ವಾಟ್‌ನನ್ನು ಓಹಾಯೋದಿಂದ ಬಂದ ಎಡ್ ಕ್ರಾಫರ್ಡ್ ಅನ್ನೋ ಅಭಿಮಾನಿ ಒಪ್ಪಿಸಿದ. ಹರ್ಲಿಯೂ ಸೇರಿ ಫೈರ್‌ಹೋಸ್ ಶುರುವಾಯಿತು. ಅಲ್ಲಿಂದೀಚೆಗೆ ವಾಟ್ ತನ್ನ ರೆಕಾರ್ಡ್‌ಗಳನ್ನು ಅರ್ಪಿಸ್ತಾ ಬಂದಿರೋದು ಡಿ. ಬೂನ್‌ಗೆ.