ಹೊಸಬರೋ, ಹಳಬರೋ?

ಬಾಳ್ಳುಪೇಟೆಯಲ್ಲಿ ಕಾಫಿಗೆ ಅಂತ ಗಾಡಿ ನಿಲ್ಲಿಸಿದ್ದೆ. ಗುರುತು ಹಿಡಿದ ಹಿರಿಯರೊಬ್ಬರು ಕೇಳಿದ್ರು: "ಅಲ್ಲಾ ಸಾರ್, ನಮ್ಮ ಜಿಲ್ಲೆಗೆ ಬರ್ತಿದ್ದ ಆ ಐಪಿಎಸ್ ಹುಡುಗ ಹೋಗ್ಬಿಟ್ರಲ್ಲ. ಸ್ವಲ್ಪ ಅನುಭವ ಇದ್ದಿದ್ರೆ ಉಳ್ಕೊಳ್ತಿದ್ರೇನೋ?"

ಅವರು ಹೇಳಿದ್ದು ಹರ್ಷಬರ್ಧನ್ ಬಗ್ಗೆ. ವಯಸ್ಸು 26, ನನ್ನಂತೆಯೇ ಎಂಜಿನಿಯರಿಂಗ್ ಓದಿದವರು. 2024ರ ಡಿಸೆಂಬರ್ 1ರಂದು ಮೈಸೂರಿನಲ್ಲಿ ತರಬೇತಿ ಮುಗಿಸಿ ಮೊದಲ ಪೋಸ್ಟಿಂಗ್‌ಗೆ ಹಾಸನಕ್ಕೆ ಬರ್ತಿದ್ದರು. ಕಿತ್ತಾನೆ ಬಳಿ ಜೀಪಿನ ಟೈರ್ ಸಿಡಿದು, ರಸ್ತೆ ಬದಿಯ ಮನೆಗೆ, ಮರಕ್ಕೆ ಡಿಕ್ಕಿ. ಸ್ಟೀರಿಂಗ್ ಇದ್ದದ್ದು ಚಾಲಕರ ಕೈಯಲ್ಲಿ. ಇಲ್ಲಿ ಅಧಿಕಾರಿಯ ಅನುಭವ ಏನು ಮಾಡೀತು ಹೇಳಿ?

ಈಗ ಹಿಂದಕ್ಕೆ ಹೋಗೋಣ. 1992ರ ಆಗಸ್ಟ್ 14. ಆಗಿನ್ನೂ ಮೈಸೂರು ಜಿಲ್ಲೆಗೇ ಸೇರಿದ್ದ ಮೀಣ್ಯಂ ಕಾಡು. ವೀರಪ್ಪನ್‌ನನ್ನು ಹಿಡಿಯಲು ಬಾತ್ಮೀದಾರನ ಮೂಲಕ ಬಲೆ ಹೆಣೆದು ಹೊರಟವರು ಎಸ್ಪಿ ಟಿ. ಹರಿಕೃಷ್ಣ. ಜೊತೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್. ಆದರೆ ವೀರಪ್ಪನ್‌ಗೆ ಸುಳಿವು ಸಿಕ್ಕಿತ್ತು, ಅವನೇ ಹೊಂಚು ಹಾಕಿ ಕೂತಿದ್ದ. ಜಿಲ್ಲೆಯ ಮುಖ್ಯಸ್ಥರೂ ಹೋದರು, ಕೈಕೆಳಗಿನ ಅಧಿಕಾರಿಯೂ ಹೋದರು, ಒಂದೇ ದಾರಿಯಲ್ಲಿ. ಹರಿಕೃಷ್ಣ ಕಚೇರಿಯಲ್ಲಿ ಕೂತು ಆದೇಶ ಕೊಡಬಹುದಿತ್ತು, ಕೊಡಲಿಲ್ಲ. ಅನುಭವ ಮನುಷ್ಯನನ್ನ ಹಿಂದೆ ನಿಲ್ಲಿಸುತ್ತೆ ಅಂತ ನಾವಂದುಕೊಳ್ತೀವಿ. ಎಷ್ಟೋ ಸಲ ಅದೇ ಮುಂದಕ್ಕೆ ತಳ್ಳುತ್ತೆ.

ಲೆಕ್ಕ ಏನು ಹೇಳುತ್ತೆ? ಅಮೆರಿಕದ ಎಫ್‌ಬಿಐ, ಕರ್ತವ್ಯದಲ್ಲಿ ಕೊಲೆಯಾದ ಪೊಲೀಸರ ವಯಸ್ಸು, ಸೇವಾವಧಿ ಎರಡನ್ನೂ ವರ್ಷ ವರ್ಷ ಪ್ರಕಟಿಸುತ್ತೆ. ಸರಾಸರಿ ವಯಸ್ಸು 40ರ ಆಸುಪಾಸು, ಸೇವೆ ಸಾಮಾನ್ಯವಾಗಿ 10 ವರ್ಷ ದಾಟಿದ್ದು. ಅಂದ್ರೆ ಸಾಯೋದು ಎಳೆ ಹುಡುಗರೇ ಅನ್ನೋದು ಸುಳ್ಳು. ಹಾಗಂತ ಹಳಬರಿಗೇ ಅಪಾಯ ಜಾಸ್ತಿ ಅಂತಲೂ ಅನ್ನಬೇಡಿ. ಆ ವಯಸ್ಸಿನವರು ಇಲಾಖೆಯಲ್ಲಿ ಒಟ್ಟು ಎಷ್ಟು ಮಂದಿ ಇದ್ದಾರೆ ಅಂತ ಭಾಗಿಸಿ ನೋಡದೆ ಅಪಾಯ ಗೊತ್ತಾಗಲ್ಲ. (ಎಂಜಿನಿಯರಿಂಗ್ ಕಾಲೇಜು ಇಷ್ಟಾದರೂ ಕಲಿಸಿದೆ.)

ಅದಕ್ಕಿಂತ ಮುಖ್ಯ, ಯಾರನ್ನ ಯಾವ ಕೆಲಸಕ್ಕೆ ಕಳಿಸ್ತೀವಿ ಅನ್ನೋದು. 2015ರ ಅಕ್ಟೋಬರ್‌ನಲ್ಲಿ ದೊಡ್ಡಬಳ್ಳಾಪುರದ ಎಸ್‌ಐ ಜಗದೀಶ್ ಸತ್ತಿದ್ದು ಡಕಾಯಿತರ ಗುಂಡಿಗಲ್ಲ. ನೆಲಮಂಗಲದಲ್ಲಿ ಬೈಕ್ ಕಳ್ಳರನ್ನ ಹಿಡಿಯೋಕೆ ಹೋದಾಗ ಚಾಕು ಹಾಕಿದರು. ಠಾಣೆಗೆ ಅದು ದಿನನಿತ್ಯದ ಕೆಲಸ.

ಕಾಫಿ ಕೊಟ್ಟ ಹಿರಿಯರಿಗೆ ಇಷ್ಟೆಲ್ಲ ಹೇಳಿದೆ. ಅವರು ಲೋಟ ಕೆಳಗಿಟ್ಟು ಒಂದೇ ಮಾತು ಕೇಳಿದರು: "ಹಂಗಾದ್ರೆ ಆ ಜೀಪಿನ ಟೈರ್ ಕೊನೇ ಸಲ ನೋಡಿದೋರು ಯಾರು ಸಾರ್?"