ಗೈಡು ಮುಚ್ಚಿಸಿದ ಪಾಠ

2007ಕ್ಕಿಂತ ಮೊದಲು ಸರ್ಕಾರಿ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದೇ ಐದನೆಯ ಇಯತ್ತೆಯಿಂದ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ನಮ್ಮಂಥವರು ಪ್ರಬಂಧವನ್ನು ಗೈಡು ನೋಡಿ ಬಾಯಿಪಾಠ ಮಾಡುತ್ತಿದ್ದೆವು. ಒಂದು ಸಾಲು ಮರೆತರೆ ಮುಂದಿನದೆಲ್ಲ ಹೋಯಿತು. ಇಂಗ್ಲಿಷಿನಲ್ಲಿ ನಪಾಸಾಗಿ ಎಷ್ಟೋ ಗೆಳೆಯರ ಓದು ಹತ್ತನೆಯದಕ್ಕೇ ನಿಂತಿತು.

ನಮ್ಮ ಇಂಗ್ಲಿಷ್ ಗುರುಗಳು ಗೈಡು ಮುಚ್ಚಿಸಿದರು. ಗೋಕಾಕ ಫಾಲ್ಸ್ ಬಗ್ಗೆ ಗೊತ್ತಿದ್ದದ್ದನ್ನು ಕನ್ನಡದಲ್ಲೇ ಹೇಳಿಸಿ ಹಲಗೆಗೆ ಬರೆದರು: ತೂಗುಸೇತುವೆ, 1887ರಲ್ಲಿ ಶುರುವಾದ ನೂಲಿನ ಗಿರಣಿ, ಘಟಪ್ರಭೆ, ಸುಮಾರು 170 ಅಡಿ ಧುಮುಕುವ ನೀರು. "ಫಾಲ್ಸ್ ನೋಡದವಗ ಮೊದಲ ಏನ ಹೇಳತೀರಿ?" ಎಂದು ಕೇಳಿ ಅಂಕಿ ಹಾಕಿಸಿದರು. ನೀರಿನ ಬಲದಿಂದಲೇ ಗಿರಣಿ ಬಂದದ್ದು; ಅದಕ್ಕೆ ಹೊಳೆ ಮೊದಲು. ಒಂದೊಂದು ಅಂಕಿಗೆ ಮೂರು ಸಣ್ಣ ವಾಕ್ಯ, ತಪ್ಪಾದರೂ ಸ್ವಂತದ್ದು. ಗಿರಣಿ ಕೆಲಸಗಾರರ ಮಗನೊಬ್ಬ ಅಪ್ಪನ ರಾತ್ರಿ ಪಾಳಿಯ ಬಗ್ಗೆ ಬರೆದ. ಅದು ಯಾವ ಗೈಡಿನಲ್ಲೂ ಇರಲಿಲ್ಲ.